ಕರೆಂಟ್ ಹೋದಾಗ ನಾವು ಮೂವರು ಹಾಡಿದ್ದು: ಮಗ್ಗದ ಸದ್ದು ಇಟ್ಟುಕೊಳ್ಳಲಾ, ತೆಗೆಯಲಾ?

ಬನಹಟ್ಟಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದುತ್ತಿದ್ದೇನೆ. ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ನಮ್ಮೂರು ಬನಹಟ್ಟಿ, ಬಾಗಲಕೋಟೆ ಜಿಲ್ಲೆ. ಮನೆಯಲ್ಲಿ ಎರಡು ಪವರ್‌ಲೂಮ್ ಇವೆ. ಮಕ್ಕಳು ನಾವು ಮೂವರು. ನಾನು ದೊಡ್ಡವಳು, ನನ್ನ ಹಿಂದೆ ತಂಗಿ, ಕೊನೆಯವನು ತಮ್ಮ. 2020ರ ಲಾಕ್‌ಡೌನ್‌ನಲ್ಲಿ ನೂಲು ಬರಲಿಲ್ಲ, ನೇಯ್ದ ಸೀರೆ ಹೋಗಲಿಲ್ಲ. ಓಣಿಯ ಮಗ್ಗಗಳೆಲ್ಲ ನಿಂತವು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿ ಎದ್ದವರು ನಾವು. ಅದು ನಿಂತ ಮೊದಲ ವಾರ ಅಪ್ಪನಿಗೆ ನಿದ್ದೆಯೇ ಹತ್ತಲಿಲ್ಲ.

ಆಗ ತಮ್ಮನಿಗೆ 11 ವರ್ಷ. ಒಂದು ಸಂಜೆ ತಾಮ್ರದ ಕೊಡ ಬೋರಲು ಹಾಕಿ ಬಾರಿಸುತ್ತಾ ಕೂತ. ಕೇಳಿದರೆ ಅದು ನಮ್ಮ ಮಗ್ಗದ ಲಯ. ಖಟ್ ಖಟಾ, ಖಟ್ ಖಟಾ. ತಂಗಿ ಅದರ ಮೇಲೆ "ಲಾಳಿ ಎಲ್ಲಿ ಹೋತವ್ವ, ಲಾಳಿ ಎಲ್ಲಿ ಹೋತ" ಅಂತ ಒಂದು ಸಾಲು ಎತ್ತಿದಳು. ಲಾಳಿ ಅಂದರೆ ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವುದು. ಎಲ್ಲಿಯ ಹಾಡೂ ಅಲ್ಲ, ಆ ಹೊತ್ತಿಗೆ ಬಾಯಿಗೆ ಬಂದದ್ದು. ನಾನು ಅಜ್ಜನ ಪೇಟಿ, ಅಂದರೆ ಹಾರ್ಮೋನಿಯಂ, ತೆಗೆದೆ. ಅಜ್ಜ ಭಜನೆಗೆ ಬಾರಿಸುತ್ತಿದ್ದ ಪೇಟಿ. ತಂಗಿ ಹಾಡುತ್ತಲೇ ಫೋನಿನಲ್ಲಿ ರೆಕಾರ್ಡ್ ಒತ್ತಿದ್ದಳು. ನಮಗೆ ಗೊತ್ತೇ ಆಗಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ 140 ತುಣುಕು ಆಗಿವೆ. ತಾಲೀಮು ಇಲ್ಲ. ಒಮ್ಮೆ ಹಾಡಿದ್ದನ್ನು ಮತ್ತೆ ಹಾಡುವುದಿಲ್ಲ, ಇದೊಂದೇ ನಿಯಮ. ಯಾರಾದರೂ ಒಂದು ಸಾಲು ಹಿಡಿಯುತ್ತಾರೆ, ಉಳಿದವರು ಕೂಡಿಕೊಳ್ಳುತ್ತಾರೆ. ಈಗ ಮಗ್ಗ ನಡೆಯುತ್ತಿವೆ, ದೇವರ ದಯೆ. ಹಾಗಾಗಿ ಕರೆಂಟ್ ಹೋದಾಗ ಮಾತ್ರ ಹಾಡುತ್ತೇವೆ. ಓಣಿಯೆಲ್ಲ ಒಮ್ಮೆಲೇ ಸುಮ್ಮನಾಗುತ್ತದಲ್ಲ, ಆಗ ಮೂವರೂ ಎಲ್ಲಿದ್ದರೂ ಪಡಸಾಲೆಗೆ ಓಡಿ ಬರುತ್ತೇವೆ.

ಒಂದು ತುಣುಕಿನ ಬಗ್ಗೆ ಹೇಳಲೇಬೇಕು. ನಾವು ಹಾಡುತ್ತಿದ್ದಾಗ ಅವ್ವ ಒಳಗಿನಿಂದ "ಹಾಲು ಉಕ್ಕಾಕತ್ತೈತಿ, ಯಾರರ ನೋಡ್ರಿ" ಅಂತ ಕೂಗಿದಳು. ತಂಗಿ ಏಳಲಿಲ್ಲ. ಅದೇ ಮಾತನ್ನು, ಅವ್ವ ಕೂಗಿದ ಅದೇ ಏರಿಳಿತದಲ್ಲಿ, ಹಾಡಿಗೆ ತಂದು ಕೂಡಿಸಿಬಿಟ್ಟಳು. ನಾನು ಪೇಟಿಯಲ್ಲಿ ಆ ಸ್ವರ ಹುಡುಕಿದೆ. ತಮ್ಮ ಕೊಡದ ಮೇಲೆ ಕೈ ನಿಧಾನ ಮಾಡಿದ. ಆರು ನಿಮಿಷ ಅದೊಂದೇ ಸಾಲು. ಹಾಲು ಪೂರ್ತಿ ಉಕ್ಕಿತ್ತು, ಬೈಗುಳವೂ ಬಿತ್ತು. ಆದರೆ ನಮ್ಮ 140ರಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಈಗ ವಿಷಯ. ಹತ್ತು ತುಣುಕು ಆರಿಸಿ ಎಲ್ಲರೂ ಕೇಳುವ ಹಾಗೆ ಹಾಕಬೇಕು ಅಂತ ಆಸೆ. ಕೆಲವದರಲ್ಲಿ ದೂರದ ಓಣಿಯ ಮಗ್ಗದ ಸದ್ದು ಇದೆ, ಅವ್ವ ರೊಟ್ಟಿ ಬಡಿಯುವ ಸದ್ದು ಇದೆ. ತೆಗೆಯಬೇಕಾ? ಹೇಗೆ?

ಇನ್ನೊಂದು. ತಮ್ಮ ಈಗ ಪಿಯುಸಿ. ಧ್ವನಿ ಒಡೆದು ಗಂಡಸಿನ ಧ್ವನಿ ಆಗಿದೆ. ಹಳೆಯವನ್ನೆಲ್ಲ ಅಳಿಸಿಬಿಡು ಅನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಗೋಕಾಕದ ಕಿವಿ:

ಅಕ್ಕಾ, ಮೊದಲು ಒಂದು ಕೆಲಸ ಮಾಡಿ, ಆಮೇಲೆ ಮುಂದಿನದು ಓದಿ. ಆ 140 ಫೈಲುಗಳನ್ನು ಫೋನಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಒಂದು ಪೆನ್‌ಡ್ರೈವಿಗೆ ಹಾಕಿ. ಎರಡು ಜಾಗದಲ್ಲಿ ಇರಲಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋನ್ ಬಿದ್ದು ಒಡೆದರೆ ಐದಾರು ವರ್ಷ ಹೋಯಿತು ಅಂತಲೇ ಲೆಕ್ಕ.

ನಾನು ಬೆಂಗಳೂರಲ್ಲಿ ಧ್ವನಿ ಮುದ್ರಣದ ಕೆಲಸ ಮಾಡುತ್ತೇನೆ. ಸದ್ದು ತೆಗೆಯುವ ಬಗ್ಗೆ ಹೇಳುತ್ತೇನೆ. ಫ್ಯಾನಿನ ಗುಂಯ್, ಟೇಪಿನ ಸುಂಯ್, ಇಂಥ ಒಂದೇ ಸಮ ಬರುವ ಸದ್ದನ್ನು ಆಡಾಸಿಟಿಯಲ್ಲಿ ಕಡಿಮೆ ಮಾಡಬಹುದು. ಅದು ಉಚಿತ ಸಾಫ್ಟ್‌ವೇರ್. ಯಾರೂ ಹಾಡದ ಒಂದೆರಡು ಸೆಕೆಂಡಿನ ಜಾಗ ತೋರಿಸಿದರೆ ಅದು ಸದ್ದಿನ ಗುರುತು ಹಿಡಿದು ಉಳಿದ ಕಡೆ ತೆಗೆಯುತ್ತದೆ. ಆದರೆ ಮಗ್ಗದ ಪೆಟ್ಟು ಹಾಗಲ್ಲ. ಪ್ರತಿ ಪೆಟ್ಟಿನಲ್ಲೂ ತಗ್ಗಿನಿಂದ ಎತ್ತರದವರೆಗೆ ಎಲ್ಲ ಸ್ವರವೂ ತುಂಬಿರುತ್ತವೆ. ನಿಮ್ಮ ತಂಗಿಯ ಧ್ವನಿ ಇರುವ ಜಾಗದಲ್ಲೇ ಅದೂ ಕೂತಿರುತ್ತದೆ. ಅದನ್ನು ಕಿತ್ತರೆ 'ಸ', 'ಚ', 'ಟ' ಎಲ್ಲ ಜೊತೆಗೇ ಹೋಗುತ್ತವೆ. ಧ್ವನಿ ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ಕತ್ತರಿಸಿ. ನೆಲದ ಅದುರು ಹೋಗುತ್ತದೆ, ಹಾಡಿಗೆ ಏನೂ ಆಗುವುದಿಲ್ಲ.

ಇನ್ನು ಮುಂದೆ ರೆಕಾರ್ಡ್ ಮಾಡುವಾಗ ಒಂದು ವಿಷಯ ಬಹಳ ಮುಖ್ಯ. ಫೋನಿನ ರೆಕಾರ್ಡರ್ ಮಾತಿಗಾಗಿ ಮಾಡಿದ್ದು. ಒಂದೇ ಸಮ ಇರುವ ಸದ್ದನ್ನು ಅದು ಗದ್ದಲ ಅಂದುಕೊಂಡು ತಾನೇ ತಗ್ಗಿಸುತ್ತದೆ. ಪೇಟಿಯ ಸ್ವರ ಹಿಡಿದು ನಿಂತರೆ ಅದು ಕುಗ್ಗುತ್ತಾ ಹೋಗುವುದನ್ನು ನೀವೂ ಗಮನಿಸಿರಬೇಕು, ಅಲ್ವಾ? ಪೇಟಿಯ ತಪ್ಪಲ್ಲ ಅದು. ಆಂಡ್ರಾಯ್ಡ್ 7ರಿಂದ ಈಚೆಗೆ ಈ ಸಂಸ್ಕರಣೆ ಇಲ್ಲದೆ ಧ್ವನಿ ಹಿಡಿಯುವ ಅವಕಾಶ ಇದೆ. ಎಲ್ಲ ಫೋನಿನಲ್ಲಿ ಸಿಗುವುದಿಲ್ಲ. ಕೆಲವು ರೆಕಾರ್ಡರ್ ಆಪ್‌ಗಳ ಸೆಟ್ಟಿಂಗ್‌ನಲ್ಲಿ 'ರಾ' ಅಥವಾ 'ಅನ್‌ಪ್ರೊಸೆಸ್ಡ್' ಅಂತ ಇರುತ್ತದೆ, ಹುಡುಕಿ ನೋಡಿ. ವೇವ್ ಫೈಲಿನಲ್ಲಿ ಉಳಿಸಿ. ಮೋನೋ ಆದರೆ ನಿಮಿಷಕ್ಕೆ ಸುಮಾರು 5 ಎಂಬಿ, ಹೆಚ್ಚೇನಲ್ಲ.

ಫೋನನ್ನು ಪೇಟಿಯ ಮೇಲೆ ಇಡಬೇಡಿ. ಗಾಳಿ ಊದುವ ತಿದಿಯ ಪೆಟ್ಟು ನೇರ ಅದರೊಳಗೆ ಹೋಗುತ್ತದೆ. ಸ್ಟೂಲಿನ ಮೇಲೆ ಮಡಚಿದ ಟವೆಲ್ ಹಾಸಿ ಇಡಿ. ತಂಗಿ ಹತ್ತಿರ, ಪೇಟಿ ಎರಡು ಮಾರು ದೂರ, ಕೊಡ ಅದಕ್ಕೂ ಹಿಂದೆ. ನಿಮ್ಮದು ತಗಡಿನ ಮನೆಯೋ, ಮಾಳಿಗೆ ಮನೆಯೋ?

ಬನಹಟ್ಟಿ ಅಕ್ಕ:

ಅಣ್ಣಾ, ಇವತ್ತೇ ಪೆನ್‌ಡ್ರೈವಿಗೆ ಹಾಕಿದೆ. ಪೇಟಿಯ ಸ್ವರ ಕುಗ್ಗುವುದು ನೂರಕ್ಕೆ ನೂರು ನಿಜ. ತಿದಿ ಸೋರುತ್ತಿದೆ ಅಂತ ಇಷ್ಟು ದಿನ ಅಂಟು ಹಚ್ಚುತ್ತಿದ್ದೆ.

ಮಗ್ಗ ಇರುವ ಕಡೆ ತಗಡು. ಪಡಸಾಲೆ ಹಳೆಯ ಮಾಳಿಗೆ, ಮೇಲೆ ಮಣ್ಣು.

ಗೋಕಾಕದ ಕಿವಿ:

ಪಡಸಾಲೆ ಬಿಡಲೇಬೇಡಿ ಅಕ್ಕಾ. ಮಣ್ಣಿನ ಮಾಳಿಗೆ ಸದ್ದನ್ನು ಕುಡಿಯುತ್ತದೆ. ಅಂಥ ಕೋಣೆ ಕಟ್ಟಿಸಲು ಇಲ್ಲಿ ಜನ ಲಕ್ಷಗಟ್ಟಲೆ ಖರ್ಚು ಮಾಡುತ್ತಾರೆ. ಎದುರಿನ ಗೋಡೆಗೆ ಎರಡು ಕೌದಿ ತೂಗುಹಾಕಿ. ಅವ್ವ ಹೊಲಿದ ದಪ್ಪ ಕೌದಿ ಇದ್ದರೆ ಇನ್ನೂ ಒಳ್ಳೆಯದು. ಮೂಲೆಯಲ್ಲಿ ಜೋಳದ ಚೀಲ ಇದ್ದರೆ ಅಲ್ಲೇ ಇರಲಿ. ತಗ್ಗಿನ ಸದ್ದು ಮೂಲೆಯಲ್ಲೇ ಗುಂಯ್‌ಗುಡುವುದು.

ವಿಜಯಪುರದವಳು:

ನನ್ನ ಮಾತು ಸ್ವಲ್ಪ ಬೇರೆ. ಬೇಜಾರು ಮಾಡಿಕೊಳ್ಳಬೇಡಿ.

ನಾನೂ ನನ್ನ ಅಣ್ಣನೂ ಗೋಳಗುಮ್ಮಟದ ಪಿಸುಗುಡುವ ಗ್ಯಾಲರಿಯಲ್ಲಿ ಒಮ್ಮೆ ಹಾಡಿದ್ದೆವು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿದ್ದೆವು, ಜನ ಇರಲಿಲ್ಲ. 44 ಮೀಟರ್ ಅಗಲದ ಗುಮ್ಮಟ. ಅವನು ಆ ಬದಿ, ನಾನು ಈ ಬದಿ. ಅವನು ಗೋಡೆಗೆ ಬಾಯಿಟ್ಟು ಮೆಲ್ಲಗೆ ಒಂದು ಸ್ವರ ಎಳೆದ. ಪಕ್ಕದಲ್ಲೇ ಕೂತು ಹಾಡಿದ ಹಾಗೆ ನನಗೆ ಕೇಳಿತು. ನಾನು ಉತ್ತರ ಕೊಟ್ಟೆ. ಹಿಂದಿನ ಸ್ವರ ಹೋಗುವ ಮೊದಲೇ ಮುಂದಿನದು ಬಂದು ಅದರ ಮೇಲೆ ಕೂರುತ್ತಿತ್ತು. ಮೈ ಜುಂ ಅಂದಿತು. ಮನೆಗೆ ಬಂದು ಫೋನಿನಲ್ಲಿ ಕೇಳಿದರೆ ಬರೀ ಗೋಜಲು. ನಮ್ಮಿಬ್ಬರಿಗೆ ಮಾತ್ರ ಅದು ಹಾಡು, ಯಾಕೆಂದರೆ ನಾವು ಅಲ್ಲಿದ್ದೆವು.

ನಿಮ್ಮ ಮಗ್ಗದ ಸದ್ದೂ ಹಾಗೇ ಆಗಬಹುದು. ನಿಮಗೆ ಅದು ಮನೆ. ಕೇಳುವವರಿಗೆ ಗದ್ದಲ. ತಂಗಿಯ ಮಾತು ತಿಳಿಯದಿದ್ದರೆ ಅವರು ಅರ್ಧಕ್ಕೇ ಬಿಡುತ್ತಾರೆ. ಸಾಹಿತ್ಯ ಸ್ಪಷ್ಟ ಕೇಳುವಂಥದ್ದನ್ನು ಮಾತ್ರ ಹಾಕಿ, ಉಳಿದವು ಮನೆಯಲ್ಲಿರಲಿ ಅಂತ ನನ್ನ ಅಭಿಪ್ರಾಯ.

ಜಮಖಂಡಿ ಕ್ಯಾಸೆಟ್:

ಹಳೆಯದನ್ನು ಅಳಿಸುವ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ನನಗಿಂತ ನಾಲ್ಕು ವರ್ಷ ದೊಡ್ಡ ಅಣ್ಣ ಇದ್ದ. ಮನೆಯಲ್ಲಿ ರೇಡಿಯೋ, ಟೇಪ್ ಎರಡೂ ಇರುವ ಟೂ-ಇನ್-ಒನ್ ಇತ್ತು. ಕೆಂಪು ಗುಂಡಿ ಮತ್ತು ಪ್ಲೇ ಗುಂಡಿ ಎರಡನ್ನೂ ಕೂಡಿ ಒತ್ತಿದರೆ ರೆಕಾರ್ಡ್ ಆಗುತ್ತಿತ್ತು. ಅಮಾವಾಸ್ಯೆಗೆ ಮಠದ ಭಜನೆಗೆ ಹೋಗಿ ಬಂದ ಮೇಲೆ ನಾವಿಬ್ಬರು ದಮ್ಮಡಿ, ತಾಳ ಹಿಡಿದು ಕೂರುತ್ತಿದ್ದೆವು. ತತ್ವಪದದ ಧಾಟಿ ತೆಗೆದುಕೊಂಡು ನಮ್ಮದೇ ಮಾತು ಹಾಕುತ್ತಿದ್ದೆವು. ಶಾಲೆ, ಎಮ್ಮೆ, ಕಬ್ಬಿನ ಗಾಡಿ, ಕೃಷ್ಣಾ ನದಿಗೆ ನೀರು ಬಂದದ್ದು. 60 ನಿಮಿಷದ ಕ್ಯಾಸೆಟ್, ಒಂದು ಬದಿಗೆ 30 ನಿಮಿಷ. ಎರಡು ಕ್ಯಾಸೆಟ್ ತುಂಬಿದ್ದೆವು.

ಕಾಲೇಜಿಗೆ ಬಂದ ಮೇಲೆ ನನಗೆ ಅದು ಹುಡುಗಾಟಿಕೆ ಅನಿಸಿತು. ಹೊಸ ಕ್ಯಾಸೆಟ್ಟಿಗೆ ದುಡ್ಡಿಲ್ಲ ಅಂತ ಅವುಗಳ ಮೇಲೆ ಸಿನಿಮಾ ಹಾಡು ತುಂಬಿಸಿಕೊಂಡೆ. ಅಣ್ಣ ಏನೂ ಅನ್ನಲಿಲ್ಲ.

ಅಣ್ಣ ಈಗಿಲ್ಲ. ಅವನು ಹೋದ ವರ್ಷ ಆ ಕ್ಯಾಸೆಟ್ ಹುಡುಕಿದೆ. ಒಂದು ಸಿಕ್ಕಿತು. ಬೂಷ್ಟು ಹಿಡಿದಿತ್ತು. ಹುಬ್ಬಳ್ಳಿಯಲ್ಲಿ ಒಬ್ಬರು ಟೇಪನ್ನು ನಿಧಾನವಾಗಿ ಒರೆಸಿ, ಪ್ಲೇಯರಿನ ಹೆಡ್ ಸ್ಪಿರಿಟ್ ಹಚ್ಚಿ ಸ್ವಚ್ಛ ಮಾಡಿ, ಕಂಪ್ಯೂಟರಿಗೆ ಇಳಿಸಿಕೊಟ್ಟರು. ಎರಡೂ ಬದಿ ಸಿನಿಮಾ ಹಾಡು. ಬಿ ಬದಿಯ ಕೊನೆಯಲ್ಲಿ ಹಾಡು ಮುಗಿದ ಮೇಲೆ ಸುಮಾರು 40 ಸೆಕೆಂಡ್ ಹಳೆಯದು ಉಳಿದಿದೆ. ತಾಳ ಇದೆ. ಅಣ್ಣ ಒಮ್ಮೆ ಕೆಮ್ಮುತ್ತಾನೆ. ಆಮೇಲೆ "ನೀ ಮೊದಲ ಹಿಡಿ, ನಾ ಹಿಂದ ಬರ್ತೀನಿ" ಅನ್ನುತ್ತಾನೆ. ಅಲ್ಲಿಗೆ ಟೇಪು ಮುಗಿಯುತ್ತದೆ.

ತಮ್ಮಾ, ನೀನು ಇದನ್ನು ಓದುತ್ತಿದ್ದರೆ, ಅಳಿಸಬೇಡಪ್ಪ. ಯಾರಿಗೂ ಕೇಳಿಸಬೇಡ ಬೇಕಾದರೆ. ಅಳಿಸಬೇಡ.

ಬೆಳಗಾವಿ ಪೇಟಿ:

ಜಮಖಂಡಿ ಅಣ್ಣಾ, ಓದಿ ಬಹಳ ಹೊತ್ತು ಸುಮ್ನೆ ಕೂತೆ.

ಪೇಟಿ ಅಂದ ಕೂಡಲೇ ನನಗೆ ಬರೆಯದೇ ಇರಲು ಆಗುವುದಿಲ್ಲ. ಬೆಳಗಾವಿ ಪೇಟಿಯ ಊರು. ಇಲ್ಲಿಯ ಹೆಸರಾಂತ ಪೇಟಿ ವಾದಕ ಪಂಡಿತ ರಾಮಭಾವು ಬಿಜಾಪುರೆ ಅವರು 2010ರಲ್ಲಿ ತೀರಿಕೊಂಡರು. ಅವರ ಕೈಯಲ್ಲಿ ಕಲಿತವರು ಇಂದಿಗೂ ಇಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಈ ವಾದ್ಯವನ್ನು ಆಕಾಶವಾಣಿ 1940ರಿಂದ ಸುಮಾರು 30 ವರ್ಷ ಒಳಗೆ ಬಿಡಲಿಲ್ಲ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಶ್ರುತಿ ಸೂಕ್ಷ್ಮ ಇಲ್ಲ ಅಂತ ಕಾರಣ. ಆ 30 ವರ್ಷವೂ ನಮ್ಮ ಭಜನೆ, ಕೃಷ್ಣ ಪಾರಿಜಾತದ ಬಯಲಾಟ, ಮನೆಯ ಪಡಸಾಲೆ, ಎಲ್ಲ ಕಡೆ ಪೇಟಿ ನುಡಿಯುತ್ತಲೇ ಇತ್ತು. ಶುದ್ಧ, ಅಶುದ್ಧ ಅನ್ನುವ ಲೆಕ್ಕ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ನಿಮ್ಮ ತಮ್ಮನ ಧ್ವನಿಯ ವಿಷಯ. ಅವನು ಮೊದಲು ಯಾವ ಶ್ರುತಿಗೆ ಹಾಡುತ್ತಿದ್ದ, ಈಗ ಯಾವುದು?

ಬನಹಟ್ಟಿ ಅಕ್ಕ:

ಮೂವರೂ ಕಾಳಿ ನಾಲ್ಕಕ್ಕೆ, ಅಂದರೆ ಪೇಟಿಯ ನಾಲ್ಕನೆಯ ಕರಿ ಮನೆಯನ್ನು (ಕೀ) ಸಾ ಮಾಡಿಕೊಂಡು, ಹಾಡುತ್ತಿದ್ದೆವು. ಈಗ ಅವನು ಕಾಳಿ ಒಂದಕ್ಕೆ ಇಳಿದಿದ್ದಾನೆ. ಅದಕ್ಕೇ ವರ್ಷದಿಂದ ಹಾಡುತ್ತಲೇ ಇಲ್ಲ. ಬರೀ ಕೊಡ ಬಾರಿಸುತ್ತಾನೆ. ನಮಗೆ ಮೇಲೆ ಆದರೆ ಅವನಿಗೆ ಆಗುವುದಿಲ್ಲ, ಅವನಿಗೆ ಸರಿ ಆದರೆ ನಮಗೆ ಧ್ವನಿಯೇ ಏಳುವುದಿಲ್ಲ.

ಬನಹಟ್ಟಿ ತಮ್ಮ:

ನಾನೇ ಆ ತಮ್ಮ. ಅಕ್ಕ ಲಿಂಕ್ ಕಳಿಸಿದಳು.

ಅಳಿಸು ಅಂದಿದ್ದಕ್ಕೆ ಕಾರಣ ಇದೆ. ಧ್ವನಿ ಒಡೆಯುತ್ತಿದ್ದಾಗಿನ ಒಂದು ತುಣುಕು ನನ್ನ ಗೆಳೆಯರ ಕೈಗೆ ಸಿಕ್ಕಿತು. ಮೇಲಿನ ಸ್ವರಕ್ಕೆ ಹೋದಾಗ ಧ್ವನಿ ಸೀಳುತ್ತದೆ. ಅದನ್ನು ಕತ್ತರಿಸಿ ಕ್ಲಾಸಿನ ಗ್ರೂಪಿನಲ್ಲಿ ಹಾಕಿದರು. ಎರಡು ತಿಂಗಳು ಅದೇ ನಡೆಯಿತು. ಅಕ್ಕನಿಗೆ ಇದನ್ನು ಹೇಳಿರಲಿಲ್ಲ.

ಇನ್ನೊಂದು ಮಾತು. ಮನೆಯಲ್ಲಿ ಮಾಡಿದ್ದು ಅಂದರೆ ಒರಟಾಗಿಯೇ ಇರಬೇಕಾ? ಅಮೆರಿಕದ ಗಾಯಕಿ ಬಿಲ್ಲಿ ಐಲಿಷ್ ಮತ್ತು ಅವಳ ಅಣ್ಣ ಫಿನಿಯಸ್ ಲಾಸ್ ಏಂಜಲೀಸ್‌ನ ಮನೆಯಲ್ಲಿ, ಅವನ ಮಲಗುವ ಕೋಣೆಯಲ್ಲೇ ಮೊದಲ ಆಲ್ಬಂ ಮಾಡಿದರು. 2020ರಲ್ಲಿ ಅವಳಿಗೆ ಐದು ಗ್ರ್ಯಾಮಿ ಪ್ರಶಸ್ತಿ ಬಂದವು. ಅದನ್ನು ಕೇಳಿದರೆ ಪಕ್ಕಾ ಸ್ಟುಡಿಯೋ ಅನಿಸುತ್ತದೆ. ಅವರೂ ಅಣ್ಣ ತಂಗಿ, ಅವರದೂ ಮನೆ. ನಾವು ಯಾಕೆ ಹಾಗೆ ಮಾಡಬಾರದು?

ಹಾಲಿನ ತುಣುಕು ನನಗೂ ಇಷ್ಟ. ಅದನ್ನು ಅಳಿಸು ಅಂದಿಲ್ಲ.

ಬನಹಟ್ಟಿ ಅಕ್ಕ:

ತಮ್ಮಾ, ಹೇಳಬೇಕಾಗಿತ್ತು ನನಗೆ.

ಇಂಡಿ ಮಾಸ್ತರ:

ತಮ್ಮಾ, ನಿನ್ನ ವಯಸ್ಸಿನ ಮಕ್ಕಳಿಗೆ 31 ವರ್ಷ ಪಾಠ ಹೇಳಿದವನು ನಾನು. ನಿನಗೆ ಆದದ್ದು ಸಣ್ಣ ನೋವಲ್ಲ. ನಿನ್ನ ಧ್ವನಿ ಇರುವ ಯಾವ ತುಣುಕು ಹೊರಗೆ ಹೋಗಬೇಕು ಅನ್ನುವ ಮಾತು ನಿನ್ನದೇ ಆಗಿರಬೇಕು. ಅಕ್ಕಂದಿರು ಅದನ್ನು ಒಪ್ಪಬೇಕು.

ಈಗ ಹಾಡಿನ ಮಾತು. ಒಮ್ಮೆ ಹಾಡಿದ್ದನ್ನು ಮತ್ತೆ ಹಾಡುವುದಿಲ್ಲ ಅಂತ ನೀವು ಮಾಡಿಕೊಂಡ ನಿಯಮ ಹೊಸದಲ್ಲ. ನಮ್ಮ ಕಡೆ ಬೀಸುವಾಗ ಎದುರುಬದುರು ಕೂತ ಅಕ್ಕ ತಂಗಿಯರು ಹೀಗೇ ಹಾಡುತ್ತಿದ್ದರು. ಮೂರು ಸಾಲಿನ ತ್ರಿಪದಿ. ಒಬ್ಬಳು ಎತ್ತಿದರೆ ಇನ್ನೊಬ್ಬಳು ಮುಗಿಸುವಳು. ಕಲ್ಲು ಒಂದು ಸುತ್ತು ಬರುವಷ್ಟರಲ್ಲಿ ಮುಂದಿನ ಮಾತು ಹೊಳೆಯಬೇಕು. ತವರು, ಅಣ್ಣ, ಬಳೆ, ಜೋಳ, ಕಣ್ಣೆದುರು ಇದ್ದದ್ದೇ ಹಾಡು. ಅವುಗಳನ್ನು ಯಾರೂ ಬರೆದಿಟ್ಟಿರಲಿಲ್ಲ. ನಮ್ಮ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಇವರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡರು. ಇಲ್ಲದಿದ್ದರೆ ಅವು ಬೀಸುಕಲ್ಲಿನ ಜೊತೆಗೇ ಹೋಗುತ್ತಿದ್ದವು. ಆದರೆ ಕಾಗದದ ಮೇಲೆ ಮಾತು ಉಳಿಯಿತು, ಧಾಟಿ ಉಳಿಯಲಿಲ್ಲ. ಕಲ್ಲಿನ ಸದ್ದು ಉಳಿಯಲಿಲ್ಲ. ಎರಡನೆಯವಳು ಎಲ್ಲಿ ಉಸಿರು ತೆಗೆದುಕೊಂಡು ಒಳಗೆ ಬಂದಳು ಅನ್ನುವುದು ಉಳಿಯಲಿಲ್ಲ. ನಿಮ್ಮ ಫೋನಿನಲ್ಲಿ ಅದೆಲ್ಲ ಇದೆ.

ಹರದೇಶಿ ನಾಗೇಶಿ ಕೇಳಿದ್ದೀರಾ? ಗೀಗೀ ಮೇಳದವರು ಗಂಡು ಹೆಚ್ಚು, ಹೆಣ್ಣು ಹೆಚ್ಚು ಅಂತ ವಾದಕ್ಕೆ ನಿಲ್ಲುತ್ತಾರೆ. ಡಪ್ಪು, ತುಂತುಣಿ, ತಾಳ. ಎದುರಿನವರು ಎಸೆದ ಪ್ರಶ್ನೆಗೆ ಅಲ್ಲೇ ಪದ ಕಟ್ಟಿ ಉತ್ತರ ಕೊಡಬೇಕು. ಹಿಮ್ಮೇಳದವರು "ಗೀಯ ಗಾ ಗೀಯ" ಅಂತ ಎಳೆಯುವುದು ಯಾಕೆ ಗೊತ್ತಾ? ಮುಂದಿನವನಿಗೆ ಮಾತು ಹೊಳೆಯಲು ಅಷ್ಟು ಹೊತ್ತು ಸಿಗುತ್ತದೆ. ಮೊಹರಮ್ಮಿನ ರಿವಾಯತ್ ಪದದಲ್ಲೂ ಇದೇ ಕ್ರಮ. ಒಬ್ಬ ಹೇಳುತ್ತಾನೆ, ಗುಂಪು ಹಿಡಿಯುತ್ತದೆ. ನಿಮ್ಮ ಕೊಡ ಬಾರಿಸುವವನೂ ಅದೇ ಕೆಲಸ ಮಾಡುತ್ತಿದ್ದಾನೆ. ಅಕ್ಕ ಪೇಟಿಯಲ್ಲಿ ಸ್ವರ ಹುಡುಕುವಾಗ ಅವನು ಕೈ ನಿಧಾನ ಮಾಡಿದನಲ್ಲ, ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಒಂದೇ ತಾಟಿನಲ್ಲಿ ಉಂಡವರಿಗೆ ಅದು ತಾನೇ ತಿಳಿಯುತ್ತದೆ.

ಬೆಳಗಾವಿ ಪೇಟಿ:

ಮಾಸ್ತರ, ನಿಮ್ಮ ಮಾತು ಬರೆದಿಟ್ಟುಕೊಳ್ಳುವಂಥದ್ದು.

ತಮ್ಮಾ, ಈಗ ನಿನಗೆ. ನೀನು ಹಾಡುವುದನ್ನು ಬಿಟ್ಟದ್ದು ಶ್ರುತಿ ಕೂಡುವುದಿಲ್ಲ ಅಂತ ತಾನೇ? ಅದಕ್ಕೆ ದಾರಿ ನಿಮ್ಮ ಅಜ್ಜನ ಪೇಟಿಯಲ್ಲೇ ಇದೆ. ಇವತ್ತು ರಾತ್ರಿ ಹೀಗೆ ಮಾಡಿ. ಬಿಳಿ ಮನೆ ಮುಟ್ಟಲೇಬೇಡಿ. ಕರಿ ಮನೆ ಐದನ್ನೇ ನುಡಿಸಿ. ಕಾಳಿ ಒಂದನ್ನು ಸಾ ಮಾಡಿಕೊಂಡು ಏರಿದರೆ ಸಾ ರೇ ಮಾ ಪಾ ಧಾ, ಅದು ದುರ್ಗಾ ರಾಗ. ಅವೇ ಐದು ಮನೆ, ಆದರೆ ಕಾಳಿ ನಾಲ್ಕು ಸಾ ಅಂದುಕೊಂಡರೆ ಸಾ ರೇ ಮಾ ಪಾ ಮತ್ತು ಕೋಮಲ ನೀ, ಅದು ಮಧುಮಾದ ಸಾರಂಗದ ಸ್ವರ. ನೀನು ನಿನ್ನ ಸಾದಲ್ಲಿ ದುರ್ಗಾ ಹಾಡು, ಅಕ್ಕಂದಿರು ಅವರ ಸಾದಲ್ಲಿ ಸಾರಂಗ ಹಾಡಲಿ. ಮೂವರೂ ಬೇರೆ ಬೇರೆ ಮನೆಯಲ್ಲಿ ನಿಂತಿರುತ್ತೀರಿ, ಅಂಗಳ ಮಾತ್ರ ಒಂದೇ. ಯಾರೂ ಇನ್ನೊಬ್ಬರ ಶ್ರುತಿಗೆ ಹೋಗಿ ಧ್ವನಿ ಕೆಡಿಸಿಕೊಳ್ಳುವ ಗರಜಿಲ್ಲ.

ಇದು ಮೂರ್ಛನೆಯ ಲೆಕ್ಕ, ಅಂದರೆ ಅವೇ ಸ್ವರ ಇಟ್ಟುಕೊಂಡು ಸಾ ಮಾತ್ರ ಬದಲಿಸುವುದು. ಪಂಡಿತ ಜಸರಾಜ್ ಅವರು ಇದೇ ಲೆಕ್ಕದ ಮೇಲೆ ಜಸರಂಗಿ ಅನ್ನುವ ಜುಗಲಬಂದಿ ರೂಪಿಸಿದರು. ಗಾಯಕ ಒಂದು ರಾಗ, ಗಾಯಕಿ ಇನ್ನೊಂದು ರಾಗ, ಇಬ್ಬರೂ ತಮ್ಮ ತಮ್ಮ ಶ್ರುತಿಯಲ್ಲಿ. ಕರಿ ಮನೆಯಲ್ಲೇ ಕಾಳಿ ಮೂರಕ್ಕೆ ನಿಂತರೆ ಭೂಪ ಸಿಗುತ್ತದೆ, ಕಾಳಿ ಐದಕ್ಕೆ ನಿಂತರೆ ಮಾಲಕಂಸ. ಇನ್ನೂ ಬಹಳ ದಿನ ಆಡಬಹುದು.

ಬೀಳಗಿ ಬಿಸಿಲು:

ಒಡಹುಟ್ಟಿದವರು ಹಾಡುವ ಮಾತು ಬಂದಾಗ ನಮ್ಮೂರಿನ ಹೆಸರು ಹೇಳದಿದ್ದರೆ ಹೇಗೆ? ಅಮೀರಬಾಯಿ ಕರ್ನಾಟಕಿ, ಗೋಹರಬಾಯಿ ಕರ್ನಾಟಕಿ, ಬೀಳಗಿಯ ಅಕ್ಕತಂಗಿಯರು. ಒಬ್ಬರು 1940ರ ದಶಕದಲ್ಲಿ ಮುಂಬೈ ಸಿನಿಮಾದಲ್ಲಿ ದೇಶವೇ ಕೇಳುವ ಹಾಗೆ ಹಾಡಿದರು. ಇನ್ನೊಬ್ಬರು ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದರು. ಊರು ಬಿಟ್ಟ ಮೇಲೂ ಹೆಸರಿನಲ್ಲಿ ಕರ್ನಾಟಕ ಇಟ್ಟುಕೊಂಡರು.

ಅವರ ಕಾಲದ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಮಾತ್ರ ಹಿಡಿಯುತ್ತಿತ್ತು. ಹಾಡು ಆ ಅಳತೆಗೆ ಕತ್ತರಿಸಿಕೊಂಡೇ ಬರಬೇಕಿತ್ತು. ಬೀಳಗಿಯ ಮನೆಯಲ್ಲಿ ಅಡುಗೆ ಮಾಡುತ್ತಾ ಆ ಅಕ್ಕತಂಗಿಯರು ಗುನುಗಿದ್ದು ಯಾವ ತಟ್ಟೆಯಲ್ಲೂ ಇಲ್ಲ. ಬನಹಟ್ಟಿ ಅಕ್ಕಾ, ನಿಮ್ಮ ಹಾಲಿನ ಹಾಡು ಆರು ನಿಮಿಷ ಇದೆಯಲ್ಲ, ಒಂದು ಸೆಕೆಂಡೂ ಕತ್ತರಿಸಬೇಡಿ.

ಬನಹಟ್ಟಿ ತಂಗಿ:

ನಾನು ನಡುವಿನವಳು. ಎರಡೇ ಮಾತು ಹೇಳುತ್ತೇನೆ.

ಹೋದ ವರ್ಷ ನಾವು ಒಂದು ಸ್ಟುಡಿಯೋಗೆ ಹೋಗಿದ್ದೆವು. ಊರು, ಹೆಸರು ಬೇಡ. ಎರಡು ಗಂಟೆಗೆ ದುಡ್ಡು ಕಟ್ಟಿದ್ದೆವು. ನನ್ನನ್ನು ಗಾಜಿನ ಕೋಣೆಯಲ್ಲಿ ಒಬ್ಬಳೇ ನಿಲ್ಲಿಸಿದರು. ಅಕ್ಕ ಹೊರಗೆ, ತಮ್ಮ ಹೊರಗೆ. ಕಿವಿಗೆ ರೆಡಿಮೇಡ್ ಬೀಟ್ ಹಾಕಿದರು. ನನಗೆ ಒಂದು ಸಾಲೂ ಹೊಳೆಯಲಿಲ್ಲ. ಆಮೇಲೆ ಧ್ವನಿಯನ್ನು ಯಂತ್ರದಲ್ಲಿ ತಿದ್ದಿ ಕೊಟ್ಟರು. ಅವ್ವ ಕೇಳಿ "ಇದ್ಯಾರು ಹಾಡಿದ್ದು?" ಅಂದಳು.

ನಾನು ಹಾಡುವಾಗ ಅಕ್ಕನ ಬೆರಳು ನೋಡುತ್ತೇನೆ. ಅವಳು ಸ್ವರ ಬದಲಿಸುವ ಮೊದಲು ಹೆಬ್ಬೆರಳು ಸ್ವಲ್ಪ ಮೇಲೆ ಎತ್ತುತ್ತಾಳೆ. ಅದು ಕಂಡರೆ ನನಗೆ ಮಾತು ಬರುತ್ತದೆ. ತಮ್ಮಾ, ನಿನಗೆ ಸ್ವಚ್ಛ ಬೇಕಾ, ಮಾಡೋಣ. ಕೌದಿ ಕಟ್ಟೋಣ, ಮೈಕು ತರೋಣ. ಆದರೆ ಒಂದೇ ಕೋಣೆಯಲ್ಲಿ, ಮೂವರೂ ಎದುರುಬದುರು ಕೂತು.

ವಿಜಯಪುರದವಳು:

ತಂಗೀ, ನೀನು ಬರೆದದ್ದು ಓದಿ ನನ್ನ ಮಾತು ಅರ್ಧ ಬದಲಿಸುತ್ತಿದ್ದೇನೆ. ಮಾತು ಸ್ಪಷ್ಟ ಕೇಳಬೇಕು ಅನ್ನುವುದನ್ನು ಬಿಡುವುದಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಪ್ರತಿ ತುಣುಕಿನ ಕೆಳಗೆ ಹಾಡಿದ ಸಾಲುಗಳನ್ನು ಬರೆದು ಹಾಕಿ, ಎಲ್ಲಿ, ಯಾವ ದಿನ, ಹಿಂದೆ ಕೇಳುವ ಸದ್ದು ಯಾವುದು ಅಂತಲೂ ಬರೆಯಿರಿ. ಅದು ಮಗ್ಗ ಅಂತ ತಿಳಿದ ಮೇಲೆ ನನ್ನ ಕಿವಿಗೂ ಅದು ಗದ್ದಲ ಆಗುವುದಿಲ್ಲ.

ಗೋಕಾಕದ ಕಿವಿ:

ಒಳ್ಳೆಯ ಮಾತು. ಫೈಲಿನ ಹೆಸರಿನಲ್ಲೇ ತಾರೀಖು ಇರಲಿ, ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ. ಆಗ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ತಮ್ಮಾ, ಫಿನಿಯಸ್ ಮನೆಯಲ್ಲೇ ಕೂತು ಸ್ವಚ್ಛ ಕೆಲಸ ಮಾಡಿದ್ದು ನಿಜ. ಆದರೆ ಅದು ಒಂದೊಂದೇ ಪದರ ಹಾಕಿ, ಮತ್ತೆ ಮತ್ತೆ ಹಾಡಿಸಿ ಕಟ್ಟಿದ ಕೆಲಸ. ನಿಮ್ಮದು ಮೂವರು ಒಮ್ಮೆಲೇ ಕೂತು ಅಲ್ಲೇ ಹುಟ್ಟಿಸುವುದು. ನಿನಗೆ ಆ ದಾರಿಯೂ ಕಲಿಯಬೇಕು ಅನಿಸಿದರೆ ನಾನು ಹೇಳಿಕೊಡುತ್ತೇನೆ, ಫೋನಿನಲ್ಲೇ ಬ್ಯಾಂಡ್‌ಲ್ಯಾಬ್ ಅನ್ನುವ, ಪದರ ಪದರವಾಗಿ ಹಾಡು ಮುದ್ರಿಸುವ ಆಪ್ ಹಾಕಿಕೋ. ಎರಡೂ ಕಲಿ. ಹಾಕುವಾಗ ಮೂವರ ಹೆಸರೂ ಹಾಕಿ. ಸೇರಿ ಕಟ್ಟಿದ ಹಾಡು ಸೇರಿದವರೆಲ್ಲರದು. ಸಿನಿಮಾ ಧಾಟಿ ಬಳಸಿದ ತುಣುಕು ಇದ್ದರೆ ಅದನ್ನು ಬಿಡಿ, ಹಕ್ಕಿನ ತಕರಾರು ಬರುತ್ತದೆ.

ಬನಹಟ್ಟಿ ಅಕ್ಕ:

ಹತ್ತು ದಿನ ಆಯಿತು. ಎಲ್ಲರಿಗೂ ಏನಾಯಿತು ಅಂತ ಹೇಳಬೇಕು.

ಮೊದಲು ಮೂವರೂ ಕೂತು 140ನ್ನೂ ಕೇಳಿದೆವು. ನಾಲ್ಕು ರಾತ್ರಿ ಹಿಡಿಯಿತು. ಅವ್ವನೂ ಬಂದು ಕೂತಳು. ಧ್ವನಿ ಸೀಳುವ ತುಣುಕು ಬಂದಾಗ ತಮ್ಮ ಎದ್ದು ಹೊರಗೆ ಹೋದ. ಅವ್ವ ಅದನ್ನು ಎರಡು ಸಲ ಹಾಕಿಸಿಕೊಂಡಳು. "ನಿಮ್ಮಪ್ಪನ ಧ್ವನಿನೂ ಹಿಂಗ ಒಡದಿತ್ತಂತ, ನಿಮ್ಮ ಆಯಿ ಹೇಳ್ತಿದ್ದಳು" ಅಂದಳು. ತಮ್ಮ ಬಾಗಿಲಲ್ಲೇ ನಿಂತು ಕೇಳಿದ. ಅದನ್ನು ಅಳಿಸುವುದಿಲ್ಲ, ಹೊರಗೂ ಹಾಕುವುದಿಲ್ಲ. ಇದು ಅವನದೇ ತೀರ್ಮಾನ. ಅದಕ್ಕೆ ಬೇರೆ ಪೆನ್‌ಡ್ರೈವ್ ಮಾಡಿದ್ದಾನೆ.

ಹತ್ತರಲ್ಲಿ ಏಳನ್ನು ಹೇಗಿದ್ದವೋ ಹಾಗೇ ಹಾಕುತ್ತಿದ್ದೇವೆ. ಮೂರಕ್ಕೆ ಮಾತ್ರ ತಗ್ಗಿನ ಅದುರು ಕತ್ತರಿಸಿದ್ದೇವೆ. ಹಾಲಿನ ಹಾಡು ಪೂರ್ತಿ ಆರು ನಿಮಿಷ ಇದೆ, ಅವ್ವನ ಕೂಗೂ ಇದೆ. ಹಾಡಿದವರ ಹೆಸರಿನ ಸಾಲಿನಲ್ಲಿ ಅವ್ವನ ಹೆಸರನ್ನೂ ಸೇರಿಸಿದ್ದೇವೆ.

ಬೆಳಗಾವಿಯವರೇ, ಕರಿ ಮನೆಯ ಆಟ ಮೊನ್ನೆ ರಾತ್ರಿ ಆಡಿದೆವು. ಎಂಟೂವರೆಗೆ ಕರೆಂಟ್ ಹೋಯಿತು. ಗೋಡೆಗೆ ಕೌದಿ, ಸ್ಟೂಲಿನ ಮೇಲೆ ಫೋನ್. ನಾನು ಕರಿ ಮನೆ ಮಾತ್ರ ಹಿಡಿದೆ. ತಂಗಿ ಕಾಳಿ ನಾಲ್ಕರಿಂದ ಎತ್ತಿದಳು. ತಮ್ಮ ಬಹಳ ಹೊತ್ತು ಬರೀ ಬಾರಿಸುತ್ತಿದ್ದ. ಆಮೇಲೆ ಕೆಳಗಿನ ಸಾ ಹಿಡಿದ, ಬಾಯಿ ಮುಚ್ಚಿಕೊಂಡೇ. ಅದು ಪೇಟಿಯ ಸ್ವರವೋ ಅವನ ಸ್ವರವೋ ಅಂತ ನನಗೆ ಮೊದಲು ತಿಳಿಯಲಿಲ್ಲ. ಬೆರಳು ಎತ್ತಿದೆ. ಸ್ವರ ಹಾಗೇ ನಿಂತಿತ್ತು. ತಂಗಿ ನನ್ನನ್ನು ನೋಡಿದಳು. ಅವನು ಬಾಯಿ ತೆರೆದು "ಲಾಳಿ ಇಲ್ಲೇ ಐತವ್ವ" ಅಂದ.

ಆ ತುಣುಕು 19 ನಿಮಿಷ ಇದೆ. ಕೊನೆಗೆ ಕರೆಂಟ್ ಬಂತು. ಮೊದಲು ಎದುರಿನ ಮನೆಯ ಮಗ್ಗ, ಆಮೇಲೆ ಅಪ್ಪ ಎದ್ದು ಹೋಗಿ ನಮ್ಮದನ್ನೂ ಹಚ್ಚಿದರು. ನಾನು ಪೇಟಿ ಮುಚ್ಚಲು ಹೋದೆ. ತಂಗಿ ಬೇಡ ಅಂತ ಕೈಸನ್ನೆ ಮಾಡಿದಳು. ತಮ್ಮ ಕೊಡದ ಪೆಟ್ಟನ್ನು ಮಗ್ಗದ ಪೆಟ್ಟಿಗೆ ಕೂಡಿಸಿಕೊಂಡು ಹಾಡುತ್ತಲೇ ಇದ್ದ.